ಮೊದಲ ಎರಡು ಸಾಲಿಗೆ ಮಾತ್ರ

ಶೇಷಾದ್ರಿಪುರಂ
೧೧ ಫೆಬ್ರವರಿ ೨೦೨೪

ಅಪ್ಪಾ,

ಇದು ನಾಲ್ಕನೆಯ ಕಾಗದ. ಮೊದಲ ಮೂರಕ್ಕೂ ನೀನು ಉತ್ತರ ಬರೆಯಲಿಲ್ಲ. ಅವು ತಲುಪಿವೆ ಎಂದು ಮಾತ್ರ ಗೊತ್ತು. ಸಪ್ಪಲಮ್ಮತ್ತೆ ಫೋನಿನಲ್ಲಿ ಹೇಳಿದಳು: "ಬಂತಮ್ಮ ಕಾಗ್ದ. ಓದಿ ದಿಂಬಿನ ಕೆಳಗೆ ಇಟ್ಕೊಂಡವ್ನೆ. ಮಾತಿಲ್ಲ, ಕತೆಯಿಲ್ಲ." ನಿನ್ನ ಹತ್ತಿರವೇ ಫೋನಿನಲ್ಲಿ ಮಾತಾಡೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಚಾಮರಾಜಪೇಟೆಗೆ ಬಂದರೆ ನನ್ನ ಮುಖ ಕಂಡ ತಕ್ಷಣ ಎದ್ದು ಹಿತ್ತಲಿಗೆ ಹೋಗುತ್ತೀಯ. ಹಾಗಾಗಿ ಕಾಗದವೇ ಗತಿ.

ಹಳೆಯದನ್ನು ಮತ್ತೆ ಬರೆಯಬಾರದು ಅಂದುಕೊಂಡಿದ್ದೆ. ಬರೆಯದೆ ಮುಂದಕ್ಕೆ ಹೋಗಲು ಆಗುತ್ತಿಲ್ಲ. ಹೌದು, ಆ ದಿನ ನಾಟಕದ ಮಧ್ಯೆ ನಿನ್ನ ಹಾರ್ಮೋನಿಯಂ ಮುಂದಿನ ಮೈಕನ್ನು ಮುಚ್ಚಿದವಳು ನಾನೇ. ದೊಡ್ಡಬೈರಪ್ಪನವರು ರಾಜನ ವೇಷದಲ್ಲಿ ಹಾಡು ಮುಗಿಸಿ ಮಾತಿಗೆ ಇಳಿದಿದ್ದರು. ನೀನು ನುಡಿಸುತ್ತಲೇ ಇದ್ದೆ. ಅವರು ಮುಂದಿನ ಹಾಡು ಎತ್ತಿದಾಗಲೂ ನಿನ್ನ ಕೈ ಹಿಂದಿನ ಹಾಡಿನಲ್ಲೇ ಇತ್ತು. ಹಿಂದಿನ ಸಾಲುಗಳಿಂದ ಶಿಳ್ಳೆ ಬಂತು. "ಮೇಷ್ಟ್ರೇ, ಸಾಕು, ಮನೆಗೋಗಿ" ಎಂದು ಯಾರೋ ಕೂಗಿದರು. ನಿನಗೆ ಅದು ಕೇಳಿಸಲಿಲ್ಲ. ಮೈಕುಗಳ ಸದ್ದು ಹದ ಮಾಡುವ ಮಿಕ್ಸರ್ ಮುಂದೆ ಕೂತಿದ್ದ ನನಗೆ ಕೇಳಿಸಿತು. ಕೈ ತಾನಾಗಿ ಹೋಯಿತು. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ನೀನು ನುಡಿಸಿದ್ದು ನಾಟಕದ ಹಾಲಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಎರಡು ದಿನದ ಮೇಲೆ ನಾಟಕದ ವಿಡಿಯೋ ತೆಗೆದವನಿಂದ ನಿನಗೆ ಅದು ಗೊತ್ತಾಗುವ ಹಾಗೆ ಆಯಿತು. ನಾನೇ ಹೇಳಬೇಕಿತ್ತು. ಹೇಳಲಿಲ್ಲ. ನೀನು ಬಟ್ಟೆ ಗಂಟು ಕಟ್ಟಿಕೊಂಡು ಚಾಮರಾಜಪೇಟೆಯ ತಂಗಿಯ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು ನೋಡಿದೆ.

ಈಗ ಬೇರೆ ವಿಷಯ. ನಮ್ಮ ಮಲ್ಲೇಶ್ವರದ ಹಾಲಿನಲ್ಲಿ ಒಂದು ಪುಟ್ಟ ರೇಡಿಯೋ ಸ್ಟೇಷನ್ ಮಾಡಿದ್ದೇನೆ. ನಗಬೇಡ. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಪ್ರಸಾರ ಹಾಲಿನ ಒಳಗೆ ಮಾತ್ರ. ಗೇಟು ದಾಟಿ ರಸ್ತೆಗೆ ಬಂದರೆ ಬರೀ ಸುಯ್ ಅನ್ನುವ ಸದ್ದು. ಇಷ್ಟಕ್ಕೆ ಅನುಮತಿ ಪಡೆಯಲು ಏಳು ತಿಂಗಳು ಕಚೇರಿ ಕಚೇರಿ ಅಲೆದೆ. ರಂಗದ ಮೇಲಿನ ಮೈಕುಗಳ ಸದ್ದು ನೇರವಾಗಿ ಪೆಟ್ಟಿಗೆಗೆ ಹೋಗುತ್ತದೆ. ಕಿವಿ ಮಂದವಾದವರು ಜೇಬಿನಲ್ಲಿ ಒಂದು ಸಣ್ಣ ರೇಡಿಯೋ ಇಟ್ಟುಕೊಂಡು ಇಯರ್‌ಫೋನ್ ಹಾಕಿಕೊಂಡರೆ ಸಾಕು. ನಿನ್ನ ಕಿವಿಯ ಮಿಷನ್ನು ಫ್ಯಾನು, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ, ಅದಕ್ಕೇ ನೀನು ಅದನ್ನು ಬಿಸಾಕಿದ್ದು. ಇದು ಹಾಗಲ್ಲ. ನಟ ನಿನ್ನ ಕಿವಿಗೇ ಬಾಯಿಟ್ಟು ಹೇಳಿದಂತಿರುತ್ತದೆ.

ಮೊದಲ ಎರಡು ಸಾಲು ರೇಡಿಯೋದವರಿಗೆ ಮೀಸಲು. ಹೋದ ಭಾನುವಾರ ಹನ್ನೊಂದು ಜನ ಬಂದಿದ್ದರು. ಬಸವನಗುಡಿಯಿಂದ ಮಾಧವಿ ಅಂತ ಒಬ್ಬರು ಟೀಚರು ಬರುತ್ತಾರೆ, ನಿವೃತ್ತರು. ಆರು ವರ್ಷದ ಮೇಲೆ ನಾಟಕದ ಮಾತು ಕಿವಿಗೆ ಬಿತ್ತು ಅಂತ ನನ್ನ ಕೈ ಹಿಡಿದು ಅತ್ತರು.

ಇಪ್ಪತ್ತೈದಕ್ಕೆ ನಾಟಕವಿದೆ. ಬಾ. ನನ್ನನ್ನು ಮಾತಾಡಿಸಬೇಕಿಲ್ಲ. ರೇಡಿಯೋ ಬಾಗಿಲಲ್ಲೇ ಕೊಡುತ್ತಾರೆ.

ನಿನ್ನ ಮಗಳು,
ಲಾವಣ್ಯಾ


ಚಾಮರಾಜಪೇಟೆ
೨೭ ಫೆಬ್ರವರಿ ೨೦೨೪

ಲಾವಣ್ಯ,

ಬಂದಿದ್ದೆ. ನೀನು ನೋಡಿದೆ ಎಂದು ಗೊತ್ತು. ನೋಡಿದರೂ ಹತ್ತಿರ ಬರಲಿಲ್ಲ, ಒಳ್ಳೆಯದಾಯಿತು.

ಹಿಂದುಗಡೆ ಐದು ನಿಮಿಷ ಕೂತು ಎದ್ದು ಬರುವ ಯೋಚನೆಯಿತ್ತು. ಆ ಮಾಧವಿ ಟೀಚರು ಬಿಡಲಿಲ್ಲ. ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗಿ, ಮಕ್ಕಳಿಗೆ ಹಾಕುವ ಹಾಗೆ ನನ್ನ ಕಿವಿಗೆ ಅದನ್ನು ಹಾಕಿದರು. ಪರದೆ ಎದ್ದಿತು. ದೊಡ್ಡಬೈರಪ್ಪ ಹಾಡುವ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಉಸಿರು! ಮೂರು ವರ್ಷದಿಂದ ನನಗೆ ಅವನ ಹಾಡೇ ಕೇಳಿಸಿರಲಿಲ್ಲ. ಆಮೇಲೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಪಕ್ಕದವರು ನೋಡಿದರು. ಅವರ ಕಣ್ಣಲ್ಲೂ ಅದೇ ಆಗಿತ್ತು, ಆದ್ದರಿಂದ ನಾಚಿಕೆಯಾಗಲಿಲ್ಲ.

ಒಂದು ಮಾತು. ಮೊನ್ನೆ ನನ್ನ ಜಾಗದಲ್ಲಿ ಕೂತಿದ್ದ ಹೊಸ ಮೇಷ್ಟ್ರ ಹಾರ್ಮೋನಿಯಮ್ಮಿನ ರೀಡುಗಳು ಕೆಟ್ಟಿವೆ. ಎಲ್ಲ ಅಪಸ್ವರ. ಜನ ಹೇಗೆ ಸುಮ್ಮನೆ ಕೂತಿದ್ದರೋ. ಅವರಿಗೆ ಹೇಳು, ಬಳೇಪೇಟೆಯ ಆಂಜಿನಯ್ಯನ ಅಂಗಡಿಗೆ ಕೊಟ್ಟರೆ ಸರಿಮಾಡಿ ಕೊಡುತ್ತಾನೆ.

ಇದನ್ನು ಕೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಈ ರೇಡಿಯೋ ಕಿವಿಗೆ ಹಾಕಿಕೊಂಡು ನಾನು ಮತ್ತೆ ನುಡಿಸಬಹುದೆ? ನಟ ಎಲ್ಲಿ ಎತ್ತಿದ, ಎಲ್ಲಿ ನಿಲ್ಲಿಸಿದ ಎಂದು ಗೊತ್ತಾದರೆ ಉಳಿದದ್ದು ನನ್ನ ಕೈಯಲ್ಲಿದೆ. ಐವತ್ತು ವರ್ಷ ಮಾಡಿದ ಕೆಲಸ. ಒಂದೇ ಒಂದು ಷರತ್ತು. ನನ್ನ ಮೈಕು ಮುಚ್ಚಬೇಡ. ತಪ್ಪು ಬಂದರೆ ಎಲ್ಲರಿಗೂ ಕೇಳಿಸಲಿ, ಶಿಳ್ಳೆ ಹೊಡೆಯುವವರು ಹೊಡೆಯಲಿ, ನಾನು ಎದ್ದು ಕೈಮುಗಿದು ಬರುತ್ತೇನೆ. ಯಾರಿಗೂ ಕೇಳಿಸದ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ನನ್ನನ್ನು ಗೊಂಬೆಯ ಹಾಗೆ ಕೂರಿಸಬೇಡ.

ಒಪ್ಪಿದರೆ ಬರೆ.

ಮುನಿರಾಮಪ್ಪ


ಶೇಷಾದ್ರಿಪುರಂ
೫ ಮಾರ್ಚ್ ೨೦೨೪

ಅಪ್ಪಾ,

ಒಪ್ಪಿದೆ. ಅಮ್ಮನ ಆಣೆ, ಮೈಕು ಮುಚ್ಚುವುದಿಲ್ಲ.

ನಿನ್ನ ಕಾಗದ ಬಂದ ದಿನವೇ ಕುಮಾರ ಪಾರ್ಕಿಗೆ ಹೋಗಿ ದೊಡ್ಡಬೈರಪ್ಪನವರನ್ನು ಕಂಡೆ. ಸೈಟಿನ ವ್ಯವಹಾರದವರು ಯಾರೋ ನಾಲ್ಕು ಜನ ಕೂತಿದ್ದರು, ಅವರನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿಕೊಂಡರು. ಆಮೇಲೆ, "ನೋಡಮ್ಮ, ನಂಗೆ ಬಾಯಿ ಬಿಡೋಕೆ ಕಲಿಸಿದ್ದೇ ಮೇಷ್ಟ್ರು. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಇನ್ನೊಂದ್ಸಲ ಹಂಗಾದ್ರೆ ನಂಗೆ ನೋಡಕ್ಕಾಗಲ್ಲ" ಎಂದರು. ಜೂನ್ ಒಂಬತ್ತು, ಭಾನುವಾರ, ನಮ್ಮ ನಾಟಕ ಸಂಘದ ವಾರ್ಷಿಕ ನಾಟಕ. ಅದೇ ನಾಟಕ, ಹಳೆಯ ನಟರೇ. ಕರಪತ್ರದಲ್ಲಿ ನಿನ್ನ ಹೆಸರು ಹಾಕಿಸುತ್ತಾರೆ.

ಅತ್ತೆಯ ಕೈಯಲ್ಲಿ ಒಂದು ರೇಡಿಯೋ, ಮನೆಯಲ್ಲಿ ಅಭ್ಯಾಸಕ್ಕೆ ಒಂದು ಸಣ್ಣ ಪೆಟ್ಟಿಗೆ, ಒಂದು ಮೈಕು ಕಳಿಸಿದ್ದೇನೆ. ಹಾರ್ಮೋನಿಯಂ ಮುಂದೆ ಮೈಕು ಇಟ್ಟು ಕೆಂಪು ಗುಂಡಿ ಒತ್ತು, ಅಷ್ಟೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಉಸಿರು ಕೇಳಿಸಿತು ಎಂದು ಬರೆದಿದ್ದೀಯಲ್ಲ, ಆ ಸಾಲು ನನಗೆ ಬಾಯಿಪಾಠವಾಗಿದೆ. ಹೊಸ ಮೇಷ್ಟ್ರ ಹಾರ್ಮೋನಿಯಂ ವಿಷಯ ಮಾತ್ರ ಅರ್ಥವಾಗಲಿಲ್ಲ. ನನಗೆ ಸರಿಯಾಗಿಯೇ ಕೇಳಿಸಿತ್ತು. ಇರಲಿ, ಹೇಳುತ್ತೇನೆ.

ಲಾವಣ್ಯಾ


ಚಾಮರಾಜಪೇಟೆ
೨೦ ಏಪ್ರಿಲ್ ೨೦೨೪

ಲಾವಣ್ಯ,

ಅಭ್ಯಾಸ ನಡೆದಿದೆ. ಎಲ್ಲ ಚೆನ್ನಾಗಿ ಕೇಳಿಸುತ್ತಿದೆ. ನೀನು ಬಿಸಿಲಲ್ಲಿ ಇಲ್ಲಿಗೆ ಬರುವುದು ಬೇಡ. ರಿಹರ್ಸಲ್ಲಿಗೆ ನಾನೇ ಬರುತ್ತೇನೆ, ಎರಡು ದಿನ ಸಾಕು.

ಮುನಿರಾಮಪ್ಪ


ಚಾಮರಾಜಪೇಟೆ
೨೮ ಮೇ ೨೦೨೪

ಮಗಳೇ ಲಾವಣ್ಯ,

ನಿಮ್ಮ ಅತ್ತೆ ಬರೆಯುವುದು. ನಾಲ್ಕನೇ ಕ್ಲಾಸಿನ ಅಕ್ಷರ, ಸಾವರಿಸಿಕೊಂಡು ಓದು. ಫೋನಿನಲ್ಲಿ ಹೇಳೋಣವೆಂದರೆ ಅಣ್ಣ ಎದುರಿಗೇ ಇರುತ್ತಾನೆ. ಕಿವಿ ಇಲ್ಲದಿದ್ದರೂ ಮುಖ ನೋಡಿ ಎಲ್ಲ ತಿಳಿದುಕೊಳ್ಳುತ್ತಾನೆ. ಅದಕ್ಕೆ ಅಂಗಡಿಯಲ್ಲಿ ಸೊಪ್ಪಿನ ಕಟ್ಟುಗಳ ನಡುವೆ ಕೂತು ಬರೆಯುತ್ತಿದ್ದೇನೆ.

ನಿನಗೆ ಹೇಳಬೇಡ ಎಂದು ಅಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಾನು ಮಾತು ಮುರಿಯುತ್ತಿದ್ದೇನೆ.

ನೀನು ಆ ರೇಡಿಯೋ ಕಳಿಸಿದ ದಿನ ಹಬ್ಬದ ಹಾಗೆ ಇದ್ದ. ಸ್ನಾನ ಮಾಡಿ, ಹಾರ್ಮೋನಿಯಂ ಪೆಟ್ಟಿಗೆಗೆ ಕುಂಕುಮ ಇಟ್ಟು ಕೂತ. ಒಂದು ಗಳಿಗೆ ನುಡಿಸಿ ನಿಲ್ಲಿಸಿದ. ಮತ್ತೆ ನುಡಿಸಿದ. ಮುಖ ಒಂಥರಾ ಆಯಿತು. "ಸಪ್ಪಲಮ್ಮ, ರೀಡು ಹೋಗವೆ ಕಣೆ" ಅಂದ. ಆಟೋದಲ್ಲಿ ಬಳೇಪೇಟೆಗೆ ಹೊತ್ತುಕೊಂಡು ಹೋದ. ಆಂಜಿನಯ್ಯ ಒರೆಸಿ, ನೋಡಿ, ವಾಪಸ್ ಕೊಟ್ಟ. ಮನೆಗೆ ತಂದರೆ ಅದೇ ಕತೆ. ಎರಡನೇ ಸಲ ಹೋದ. ಮೂರನೇ ಸಲ ನಾನೂ ಜೊತೆಗೆ ಹೋದೆ. ಆಂಜಿನಯ್ಯನಿಗೆ ಅಳು ಬರುವ ಹಾಗೆ ಇತ್ತು. "ಅಕ್ಕಾ, ಪೆಟ್ಟಿಗೇಲಿ ಏನೂ ತಪ್ಪಿಲ್ಲ. ನಾನು ಮೇಷ್ಟ್ರಿಗೆ ಹೆಂಗೆ ಹೇಳ್ಲಿ?" ಅಂದ. ಕೊನೆಗೆ ಅದನ್ನೇ ಒಂದು ಚೀಟಿಯಲ್ಲಿ ಬರೆದು ತೋರಿಸಿದ. ಅಣ್ಣ ಓದಿದ. ಓದಿ, ಪೆಟ್ಟಿಗೆ ಎತ್ತಿಕೊಂಡು ಬಂದ.

ಇಲ್ಲಿಗೆ ಬಂದ ಮೇಲೆ ಹಾರ್ಮೋನಿಯಂನ ಒಂದೇ ಮನೆಯನ್ನು, ಅದೇ ಬೆರಳೊತ್ತುವ ಪಟ್ಟಿಯನ್ನು, ಒತ್ತಿ ಹಿಡಿದು, ಬಲಗಿವಿಗೆ ಒಂದು ಸಲ, ಎಡಗಿವಿಗೆ ಒಂದು ಸಲ ಇಯರ್‌ಫೋನ್ ಇಟ್ಟು ನೋಡಿದ. "ಇದೂ ಇದೂ ಬೇರೆ ಬೇರೆ ಐತೆ ಕಣೆ. ಒಂದೇ ಮನೆ, ಎರಡು ಸ್ವರ" ಅಂದ. ನನ್ನ ಕಿವಿಗೂ ಇಟ್ಟ. ನನಗೇನು ತಿಳಿಯುತ್ತದೆ, ಎರಡೂ ಒಂದೇ ಅನ್ನಿಸಿತು.

ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಯಮ್ಮ ಒಳ್ಳೆಯವರು, ಎಲ್ಲ ಬರೆದು ಬರೆದು ತಿಳಿಸಿದರು. ಸದ್ದನ್ನು ದೊಡ್ಡದು ಮಾಡಬಹುದಂತೆ, ಮಾತು ತಿಳಿಯುವ ಹಾಗೂ ಮಾಡಬಹುದಂತೆ. ಸ್ವರ ಗುರುತಿಸುವುದು ಕಿವಿಯ ಒಳಗೆ ಎಲ್ಲೋ ಇರುತ್ತದಂತೆ, ಅದು ಸವೆದುಹೋಗಿದೆಯಂತೆ, ಅದನ್ನು ಯಾವ ಮಿಷನ್ನೂ ತಂದು ಕೊಡುವುದಿಲ್ಲವಂತೆ. ಅಣ್ಣ ಆ ಕಾಗದವನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಹೇಳಿದ: "ಲಾವಣ್ಯಂಗೆ ಹೇಳ್ಬೇಡ. ಏಳು ತಿಂಗ್ಳು ಅಲೆದವಳೆ ಮಗಾ. ನನ್ನ ಬೆರಳಿಗೆ ಎಲ್ಲಾ ಗೊತ್ತು. ಎಲ್ಲಿ ಎತ್ತಿದ್ರು, ಎಲ್ಲಿ ನಿಲ್ಸಿದ್ರು ಅಂತ ಕೇಳ್ಸುತ್ತಲ್ಲ, ಸಾಕು."

ಅವನು ಬೆರಳನ್ನು ನಂಬಿಕೊಂಡು ಬರುತ್ತಾನೆ. ಬೇಡವೆಂದು ನಿಲ್ಲಿಸಿದರೆ ಜೀವ ಹಿಡಿಯುವುದಿಲ್ಲ. ಬಿಟ್ಟರೆ ಮಾನ ಹೋಗುತ್ತದೆ. ನನಗೆ ದಾರಿ ಕಾಣುತ್ತಿಲ್ಲ. ನೀನು ಓದಿದವಳು.

ನಿಮ್ಮ ಅತ್ತೆ,
ಸಪ್ಪಲಮ್ಮ


ಚಾಮರಾಜಪೇಟೆ
೧೧ ಜೂನ್ ೨೦೨೪

ಮಗಳೇ,

ಮೊನ್ನೆಯ ಹಾರ ಇನ್ನೂ ಬಾಡಿಲ್ಲ, ಸಪ್ಪಲಮ್ಮ ನೀರು ಚಿಮುಕಿಸುತ್ತ ಇಟ್ಟಿದ್ದಾಳೆ.

ಈಗ ಹೇಳಬಹುದು, ಕೇಳು. ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ರೇಡಿಯೋದಲ್ಲಿ ಮಾತು ಚೊಕ್ಕವಾಗಿ ಬರುತ್ತದೆ, ಸ್ವರ ಬರುವುದಿಲ್ಲ. ನನ್ನ ಪೆಟ್ಟಿಗೆಯೂ ಸೇರಿ ಎಲ್ಲವೂ ಅಪಸ್ವರವಾಗಿಯೇ ಕೇಳಿಸುತ್ತದೆ. ಫೆಬ್ರವರಿಯಲ್ಲಿ ಆ ಹೊಸ ಮೇಷ್ಟ್ರನ್ನು ಸುಮ್ಮನೆ ಬೈದೆ, ಅವರ ತಪ್ಪೇನೂ ಇರಲಿಲ್ಲ. ಡಾಕ್ಟರು ಇದು ಹೀಗೆಯೇ ಎಂದು ಬರೆದುಕೊಟ್ಟಿದ್ದಾರೆ. ಭಾನುವಾರ ಪರದೆ ಎದ್ದಿತು. ಮೊದಲ ಹಾಡು ಎತ್ತಿದಾಗ ಕಿವಿಯಲ್ಲಿ ಕೇಳಿದ್ದು ಎರಡು ಬೆಕ್ಕು ಕಿತ್ತಾಡುವ ಸದ್ದು. ಕೈ ತೆಗೆದುಬಿಡೋಣ ಅನ್ನಿಸಿತು. ತಲೆಯೆತ್ತಿ ಜನರನ್ನು ನೋಡಿದೆ. ಯಾರೂ ನಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ತೊಡೆ ತಟ್ಟಿ ತಾಳ ಹಾಕುತ್ತಿದ್ದ. ಆಗ ತಿಳಿಯಿತು, ಕೆಟ್ಟಿರುವುದು ನನ್ನ ಕಿವಿ ಮಾತ್ರ, ಬೆರಳು ಸರಿಯಾಗಿವೆ. ಆಮೇಲೆ ಕಿವಿಯ ಮಾತು ಕೇಳುವುದನ್ನೇ ಬಿಟ್ಟೆ. ಜನರ ಮುಖ ನೋಡಿಕೊಂಡು ಮೂರು ಗಂಟೆ ನುಡಿಸಿದೆ.

ನಟರು ಆಗಾಗ ನನ್ನ ಕಡೆ ನೋಡುವ ಬದಲು ಪಕ್ಕದ ಪರದೆಯ ಕಡೆ ನೋಡುತ್ತಿದ್ದರು. ಬಹಳ ದಿನವಾಯಿತಲ್ಲ, ಅವರಿಗೂ ಭಯವಿತ್ತು ಎಂದು ಕಾಣುತ್ತದೆ. ಕೊನೆಯಲ್ಲಿ ದೊಡ್ಡಬೈರಪ್ಪ ಕಿರೀಟ ತೆಗೆದು ನನ್ನ ಕಾಲು ಮುಟ್ಟಿದ. ಹಾಲು ತುಂಬ ಎದ್ದು ನಿಂತರು. ಅಂಥ ಚಪ್ಪಾಳೆ ನಾನು ವಯಸ್ಸಿನಲ್ಲೂ ಕಂಡಿರಲಿಲ್ಲ.

ನೀನು ಮಾತು ಉಳಿಸಿಕೊಂಡೆ. ನಾನು ನಿನ್ನ ಮೇಲೆ ಒಂದೂವರೆ ವರ್ಷ ಹಟ ಮಾಡಿದೆ. ಸಾಕು. ಮುಂದಿನ ತಿಂಗಳು ಮನೆಗೆ ಬರುತ್ತೇನೆ.

ನಿನ್ನ ಅಪ್ಪ


ಶೇಷಾದ್ರಿಪುರಂ
೧೪ ಜೂನ್ ೨೦೨೪

ಅತ್ತೆ,

ಇದನ್ನು ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು.

ಅಪ್ಪ ನುಡಿಸಿದ್ದು ಹಾಲಿನವರಿಗೆ ಕೇಳಿಸಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಇದನ್ನು ನಿಲ್ಲಿಸೋಣವೆಂದು ಮೂರು ಸಲ ಚಾಮರಾಜಪೇಟೆಗೆ ಹೊರಟೆ. ಮೂರು ಸಲವೂ ಮಾರ್ಕೆಟ್ಟಿನಲ್ಲಿ ಇಳಿದು ವಾಪಸ್ ಬಸ್ಸು ಹತ್ತಿದೆ. ರಿಹರ್ಸಲ್ಲಿನಲ್ಲಿ ಎರಡೇ ಹಾಡಿಗೆ ಎಲ್ಲರಿಗೂ ಗೊತ್ತಾಗಿಹೋಯಿತು. ನಟ ಒಂದು ಶ್ರುತಿ ಹಿಡಿದರೆ ಅಪ್ಪನ ಕೈ ಇನ್ನೊಂದರಲ್ಲಿ ಇರುತ್ತಿತ್ತು. ಬೆರಳು ಓಡುತ್ತಿದ್ದವು, ಹಿಂದಿನ ಹಾಗೆಯೇ ಚೆಂದವಾಗಿ ಓಡುತ್ತಿದ್ದವು, ಆದರೆ ತಪ್ಪು ಮನೆಗಳ ಮೇಲೆ. ಅಪ್ಪ ಮಾತ್ರ ತಲೆಯಾಡಿಸುತ್ತ ನಗುತ್ತಿದ್ದರು. ದೊಡ್ಡಬೈರಪ್ಪನವರು ನನ್ನನ್ನು ಹೊರಗೆ ಕರೆದು, "ಏನಾದ್ರೂ ಮಾಡಮ್ಮ. ಮೇಷ್ಟ್ರಿಗೆ ನಾನು ಹೇಳಲ್ಲ, ನೀನೂ ಹೇಳ್ಬೇಡ" ಎಂದರು.

ಮಿಕ್ಸರಿನಿಂದ ಸದ್ದಿಗೆ ಎರಡು ದಾರಿ ಇವೆ. ಒಂದು ಹಾಲಿನ ಸ್ಪೀಕರುಗಳಿಗೆ, ಇನ್ನೊಂದು ರೇಡಿಯೋ ಪೆಟ್ಟಿಗೆಗೆ. ಅಪ್ಪನ ಹಾರ್ಮೋನಿಯಮ್ಮನ್ನು ರೇಡಿಯೋಗೆ ಮಾತ್ರ ಬಿಟ್ಟೆ. ಪಕ್ಕದ ಪರದೆಯ ಹಿಂದೆ ಚೈತನ್ಯಾ ಎಂಬ ಕೀಬೋರ್ಡಿನವಳನ್ನು ಕೂರಿಸಿದೆ. ಅವಳು ನುಡಿಸಿದ್ದು ಸ್ಪೀಕರಿಗೆ ಮಾತ್ರ ಹೋಯಿತು. ಹಾಲಿನ ಜನ ತಾಳ ಹಾಕಿದ್ದು, ಚಪ್ಪಾಳೆ ತಟ್ಟಿದ್ದು ಅವಳ ಕೀಬೋರ್ಡಿಗೆ. ಅಪ್ಪ ನುಡಿಸಿದ್ದು ಅಪ್ಪನ ಕಿವಿಗೆ, ಮೊದಲ ಎರಡು ಸಾಲಿನಲ್ಲಿ ರೇಡಿಯೋ ಹಾಕಿಕೊಂಡಿದ್ದ ಹದಿನಾಲ್ಕು ಜನರ ಕಿವಿಗೆ ಮಾತ್ರ. ರಂಗದ ಮೇಲಿದ್ದವರಿಗೆಲ್ಲ ಇದು ಗೊತ್ತಿತ್ತು. ಅಪ್ಪನಿಗೊಬ್ಬರಿಗೆ ಗೊತ್ತಿರಲಿಲ್ಲ.

ಅಮ್ಮನ ಆಣೆ ಇಟ್ಟಿದ್ದೆ ಅತ್ತೆ. ಮೈಕು ಮುಚ್ಚಲಿಲ್ಲ, ನಿಜ. ಆ ಮಾತು ಹಿಡಿದುಕೊಂಡು ನಾಲ್ಕು ದಿನದಿಂದ ನನಗೆ ನಾನೇ ವಾದ ಮಾಡುತ್ತಿದ್ದೇನೆ.

ನಿನ್ನೆ ಅಪ್ಪನ ಕಾಗದ ಬಂತು. "ಬೆರಳು ಸರಿಯಾಗಿವೆ" ಎಂದು ಬರೆದಿದ್ದಾರೆ. ಮನೆಗೆ ಬರುತ್ತಾರಂತೆ. ನಾನು ಏನೆಂದು ಉತ್ತರ ಬರೆಯಲಿ?

ಲಾವಣ್ಯಾ


ಶೇಷಾದ್ರಿಪುರಂ
೧೮ ಜೂನ್ ೨೦೨೪

ಅಪ್ಪಾ,

ಬಾ. ನಿನ್ನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಕಿಟಕಿಯ ಬಾಗಿಲು ಕಚ್ಚಿಕೊಳ್ಳುತ್ತಿತ್ತಲ್ಲ, ಅದನ್ನೂ ಸರಿಮಾಡಿಸಿದೆ.

ನಾಟಕ ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ.

ಲಾವಣ್ಯಾ


ಬಸವನಗುಡಿ
೨ ಜುಲೈ ೨೦೨೪

ಮಾನ್ಯ ಮುನಿರಾಮಪ್ಪ ಮೇಷ್ಟ್ರಿಗೆ,

ಫೆಬ್ರವರಿಯಲ್ಲಿ ನಿಮ್ಮ ಪಕ್ಕದಲ್ಲಿ ಕೂತು ನಾಟಕ ಕೇಳಿದ ಮಾಧವಿ ನಾನು. ನಿಮ್ಮ ವಿಳಾಸವನ್ನು ದೊಡ್ಡಬೈರಪ್ಪನವರಿಂದ ಪಡೆದೆ. ನೀವು ನುಡಿಸಿದ ಭಾನುವಾರವೇ ಬಂದು ಕೈಮುಗಿಯಬೇಕಿತ್ತು, ಜನ ನಿಮ್ಮನ್ನು ಮುತ್ತಿಕೊಂಡಿದ್ದರು.

ನಮ್ಮ ಮನೆಯಲ್ಲಿ ನಿಮ್ಮಿಂದಾಗಿ ಒಂದು ಜಗಳವೇ ನಡೆಯಿತು ನೋಡಿ. ನನ್ನ ತಂಗಿಯ ಮಗಳು ಶ್ರೀವಿದ್ಯಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬಂದು ನಾನು ನಿಮ್ಮ ಹಾರ್ಮೋನಿಯಂ ಬಗ್ಗೆ ಹೇಳಿದರೆ, "ಹಾರ್ಮೋನಿಯಂ ಎಲ್ಲಿತ್ತು ದೊಡ್ಡಮ್ಮ? ಬರೀ ಕೀಬೋರ್ಡ್ ಕೇಳಿಸ್ತಿತ್ತು" ಎಂದಳು. ನಿನಗೂ ಕಿವಿ ಹೋಯಿತೇ ಎಂದು ಬೈದೆ. ಅವಳು ಮೊಬೈಲಿನಲ್ಲಿ ಹಿಡಿದದ್ದನ್ನು ನಮ್ಮ ಭಾವನವರಿಗೆ ಕೇಳಿಸಿದಳು. ಅವರೂ ಕೀಬೋರ್ಡೇ ಅಂದರು. ಆಮೇಲೆ ನಾನೇ ಯೋಚಿಸಿ ತಿಳಿದುಕೊಂಡೆ. ಕಿವಿ ಚೆನ್ನಾಗಿರುವವರಿಗೆ ಸ್ಪೀಕರಿನಲ್ಲಿ ಕೀಬೋರ್ಡು, ನಮ್ಮಂಥವರಿಗಾಗಿ ರೇಡಿಯೋದಲ್ಲಿ ನಿಮ್ಮ ಹಾರ್ಮೋನಿಯಂ! ನಮಗೆಂದೇ ಬೇರೆಯಾಗಿ ಏರ್ಪಾಡು ಮಾಡಿದ ನಿಮ್ಮ ಮಗಳು ನೂರು ಕಾಲ ಬಾಳಲಿ. ಎಲ್ಲ ಕಡೆಯೂ ನಮಗೆ ಉಳಿದದ್ದು ಬಳಿದದ್ದು ಸಿಗುತ್ತದೆ. ಒಂದು ದಿನವಾದರೂ ಒಳ್ಳೆಯದು ನಮಗೆ ಮಾತ್ರ ಸಿಕ್ಕಿತು.

ಸ್ವರ, ರಾಗ ಎಂದು ಹೇಳುವಷ್ಟು ಕಿವಿ ಈಗ ನನಗಿಲ್ಲ. ಸಂಗೀತವೆಲ್ಲ ನನಗೆ ಪಾತ್ರೆ ಉಜ್ಜಿದ ಹಾಗೆ ಕೇಳಿಸುತ್ತದೆ. ಆದರೂ ನೀವು ನುಡಿಸುವಾಗ ನಿಮ್ಮ ಮುಖ ನೋಡುತ್ತಿದ್ದೆ. ಅದರಲ್ಲೇ ಎಲ್ಲ ಇತ್ತು.

ವಂದನೆಗಳೊಂದಿಗೆ,
ಮಾಧವಿ


ಚಾಮರಾಜಪೇಟೆ
೯ ಜುಲೈ ೨೦೨೪

ಲಾವಣ್ಯ,

ಮಾಧವಿ ಟೀಚರ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಅವರ ಮೇಲೆ ಸಿಟ್ಟು ಮಾಡಬೇಡ. ಅವರು ಪ್ರೀತಿಯಿಂದ ಬರೆದಿದ್ದಾರೆ.

ಸಪ್ಪಲಮ್ಮನನ್ನು ಕೇಳಿದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲ ಸಲ ನೀನು ಗಾಬರಿಯಲ್ಲಿ ಮುಚ್ಚಿದೆ. ಅದು ಒಂದು ಗಳಿಗೆಯ ಕೆಲಸ. ಈ ಸಲ ಕೂತು ಯೋಚಿಸಿ, ವೈರು ಎಳೆದು, ಇನ್ನೊಬ್ಬಳನ್ನು ಕರೆಸಿ, ಪರದೆ ಕಟ್ಟಿಸಿ ಮಾಡಿದೆ. ನಾನು ಕಲಿಸಿದ ಹುಡುಗರೆಲ್ಲ ವೇಷ ಹಾಕಿಕೊಂಡು, ಮೂರು ಗಂಟೆ ನನ್ನ ಎದುರಿಗೆ ಎರಡು ನಾಟಕ ಆಡಿದರು. ದೊಡ್ಡಬೈರಪ್ಪ ಕಾಲು ಮುಟ್ಟಿದಾಗ ಅವನ ಕಣ್ಣಲ್ಲಿ ನೀರಿತ್ತು. ನಾನು ಅದನ್ನು ಬೇರೆ ಏನೋ ಅಂದುಕೊಂಡೆ.

ಶಿಳ್ಳೆ ಹೊಡೆದಿದ್ದರೆ ಎದ್ದು ಬರುತ್ತಿದ್ದೆ. ಹಾಗೆ ಬರೆದಿದ್ದೆ ನಿನಗೆ. ಎದ್ದು ಬರುವುದಕ್ಕೂ ಒಂದು ಮರ್ಯಾದೆ ಇರುತ್ತದೆ. ಐವತ್ತು ವರ್ಷ ನುಡಿಸಿದವನು, ಇನ್ನು ಆಗುವುದಿಲ್ಲ ಎಂದು ತಾನೇ ಪೆಟ್ಟಿಗೆ ಮುಚ್ಚಬೇಕು. ನನಗೆ ಅದು ಸಿಗಲಿಲ್ಲ.

ಬೆರಳು ಸರಿಯಾಗಿವೆ ಎಂದು ನಿನಗೆ ಬರೆದೆ. ಅದನ್ನು ಓದಿ ನೀನು ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ ಎಂದು ಬರೆದೆ.

ನಾನು ಬರುವುದಿಲ್ಲ.

ಮುನಿರಾಮಪ್ಪ


ಶೇಷಾದ್ರಿಪುರಂ
೧೫ ಜುಲೈ ೨೦೨೪

ಅಪ್ಪಾ,

ನಿನಗಾಗಿ ಮಾಡಿದೆ ಎಂದು ಬರೆಯಲು ಹೊರಟು ನಾಲ್ಕು ಹಾಳೆ ಹರಿದೆ. ಅದು ನಿಜವಲ್ಲ. ಶಿಳ್ಳೆ ಹೊಡೆದರೆ ನಿನಗೆ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ನನಗೆ. ಎರಡನೆಯ ಸಲ ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ. ನನ್ನ ಕಿವಿಯನ್ನು ಕಾಪಾಡಿಕೊಳ್ಳಲು ನಿನ್ನ ಮಾನವನ್ನು ತೆಗೆದೆ.

ಅತ್ತೆಯ ಕಾಗದ ಬಂದ ದಿನವೇ ಬಂದು, "ಅಪ್ಪಾ, ನಂಗೆ ಗೊತ್ತಾಯ್ತು, ಬೇಡ ಬಿಡು" ಅಂದಿದ್ದರೆ ನೀನು ನನ್ನ ಜೊತೆ ಕೂತು ಅಳುತ್ತಿದ್ದೆಯೋ ಏನೋ. ನಾನು ಸದ್ದಿನ ಕೆಲಸದವಳು. ಏನೇ ಕೆಟ್ಟರೂ ಯಾವುದೋ ವೈರು ಬದಲಿಸಿದರೆ ಸರಿಹೋಗುತ್ತದೆ ಎಂದು ಬೆಳೆದವಳು. ಇದು ಸರಿಹೋಗುವುದಲ್ಲ ಎಂದು ನಿನ್ನ ಮುಖ ನೋಡಿ ಹೇಳಲು ಹೆದರಿದೆ.

ಮಾಧವಿ ಟೀಚರ ಕಾಗದವನ್ನು ಓದಿದೆ. ಈಗ ರೇಡಿಯೋದವರಿಗೆ ಮೊದಲ ಎರಡು ಸಾಲು ಸಾಲದೆ ಹಾಲಿನವರು ಮೂರನೆಯದನ್ನೂ ಬಿಟ್ಟುಕೊಟ್ಟಿದ್ದಾರೆ. ಬಸವನಗುಡಿಯ ಒಂದು ಹಾಲಿನವರೂ ಇಂಥದ್ದು ಬೇಕು ಎಂದು ಬಂದಿದ್ದಾರೆ. ಜನ ನನ್ನ ಕೈ ಹಿಡಿದು ದೇವರು ನೀನು ಅನ್ನುತ್ತಾರೆ. ನಾನು ಕೈ ಬಿಡಿಸಿಕೊಂಡು ಒಳಗೆ ಹೋಗಿ, ಮಿಕ್ಸರ್ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ.

ಒಂದು ಸಲ ಬಂದು ಬೈಯಿ. ಬಾಯಿಗೆ ಬಂದದ್ದನ್ನು ಅನ್ನು.

ಲಾವಣ್ಯಾ


ಚಾಮರಾಜಪೇಟೆ
೩ ಅಕ್ಟೋಬರ್ ೨೦೨೪

ಮಗಳೇ,

ನಿನ್ನ ಕಾಗದಗಳು ಬರುತ್ತಿವೆ. ಆರೋ ಏಳೋ ಆದವು. ಅಣ್ಣ ಒಡೆದು ನೋಡುತ್ತಾನೆ, ಮೊದಲ ಸಾಲು ಓದಿ ಹಾಗೇ ಮಡಚಿ ಇಡುತ್ತಾನೆ.

ಹಾರ್ಮೋನಿಯಂ ಮನೆಯಲ್ಲಿಲ್ಲ. ಹೋದ ವಾರ ಆಂಜಿನಯ್ಯನ ಅಂಗಡಿಯಲ್ಲಿ ಇಟ್ಟು ಬಂದ. ಯಾರಾದರೂ ಕಲಿಯುವವರಿಗೆ ಕೊಡು ಎಂದನಂತೆ. ಆಂಜಿನಯ್ಯ ಎಷ್ಟು ಹೇಳಿದರೂ ತಿರುಗಿ ನೋಡದೆ ಬಂದನಂತೆ. ನೀನು ಕೊಟ್ಟ ರೇಡಿಯೋವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದಾನೆ, ಕಳಿಸಿಕೊಡು ಎಂದು. ನಾನು ಕಳಿಸುವುದಿಲ್ಲ. ಇಲ್ಲೇ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ.

ಬೆಳಗ್ಗೆ ನನ್ನ ಜೊತೆ ಅಂಗಡಿಗೆ ಬರುತ್ತಾನೆ. ಸಬ್ಬಸಿಗೆ, ದಂಟು, ಮೆಂತ್ಯ ಬಿಡಿಸಿ ಕಟ್ಟು ಕಟ್ಟುತ್ತಾನೆ. ಗಿರಾಕಿ ಏನಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾನೆ. ಹಳೆಯ ನಾಟಕದವರು ಒಬ್ಬಿಬ್ಬರು ಗುರುತು ಹಿಡಿದು ನಮಸ್ಕಾರ ಮಾಡಿದರು. ತಲೆ ಎತ್ತಲಿಲ್ಲ. ದೊಡ್ಡಬೈರಪ್ಪ ಕಾರಿನಲ್ಲಿ ಬಂದು ಅರ್ಧ ಗಂಟೆ ನಿಂತಿದ್ದ. ಅಣ್ಣ ಸೊಪ್ಪು ಬಿಡಿಸುತ್ತಲೇ ಇದ್ದ. ಪಾಪ, ಅಷ್ಟು ದೊಡ್ಡ ಮನುಷ್ಯ ನಾಲ್ಕು ಕಟ್ಟು ಸೊಪ್ಪು ಕೊಂಡುಕೊಂಡು ಹೋದ.

ಊಟ ಮಾಡುತ್ತಾನೆ. ಮೈಗೆ ಏನೂ ಆಗಿಲ್ಲ. ಆದರೆ ಮುಂಚೆ ಊಟದ ತಟ್ಟೆಯ ಮೇಲೆ ಬೆರಳು ಆಡುತ್ತಿದ್ದವಲ್ಲ, ಈಗ ಆಡುವುದಿಲ್ಲ. ಸುಮ್ಮನೆ ಇರುತ್ತವೆ.

ನೀನು ಈಗ ಬರಬೇಡ.

ಅತ್ತೆ


ಚಾಮರಾಜಪೇಟೆ
೨ ಡಿಸೆಂಬರ್ ೨೦೨೪

ಲಾವಣ್ಯ,

ಸಿಟ್ಟು ಹೋಗಿದೆ. ಹೋದ ಮೇಲೆ ಏನಾದರೂ ಉಳಿದಿರಬಹುದು ಎಂದು ಕಾದು ನೋಡಿದೆ. ಏನೂ ಕಾಣಲಿಲ್ಲ.

ನಿನಗೆ ಐದು ವರ್ಷವಾದಾಗಿನಿಂದ ನಮ್ಮಿಬ್ಬರ ಮಾತೆಲ್ಲ ಶ್ರುತಿ, ತಾಳ, ಮೈಕು, ಇದೇ ಆಗಿತ್ತು. ಬೇರೆ ಏನು ಮಾತಾಡುತ್ತಿದ್ದೆವೋ ನೆನಪಿಗೆ ಬರುವುದಿಲ್ಲ. ಇನ್ನು ಆ ವಿಷಯ ನನಗೆ ಬರೆಯಬೇಡ. ನಾಟಕದ ಸುದ್ದಿ ಬೇಡ, ಹಾಲಿನ ಸುದ್ದಿ ಬೇಡ, ರೇಡಿಯೋ ಬೇಡ. ಕ್ಷಮಿಸು ಎಂದೂ ಬರೆಯಬೇಡ.

ಊಟ ಆಯಿತೇ, ಏನು ಅಡುಗೆ, ಆರೋಗ್ಯ ಹೇಗಿದೆ, ಇಷ್ಟು ಬರೆ. ಅದಕ್ಕೆ ಉತ್ತರ ಬರೆಯುತ್ತೇನೆ.

ಮುನಿರಾಮಪ್ಪ


ಶೇಷಾದ್ರಿಪುರಂ
೮ ಡಿಸೆಂಬರ್ ೨೦೨೪

ಅಪ್ಪಾ,

ಊಟ ಆಯಿತು. ಮುದ್ದೆ, ಅವರೆಕಾಳಿನ ಸಾರು. ಈ ಸಲದ ಅವರೆ ಇನ್ನೂ ಎಳಸು, ಸೊಗಡು ಸಾಲದು. ಉಪ್ಪು ಸ್ವಲ್ಪ ಮುಂದಾಯಿತು. ಒಬ್ಬಳಿಗೆ ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ.

ಒಂದು ವಾರ ನೆಗಡಿ ಇತ್ತು, ಈಗ ಕಡಿಮೆ. ಬೆಳಗ್ಗೆ ಚಳಿ ಹೆಚ್ಚಾಗಿದೆ. ನೀನು ಅಂಗಡಿಗೆ ಹೋಗುವಾಗ ಮಫ್ಲರ್ ಕಟ್ಟಿಕೋ.

ನಿನ್ನ ಊಟ ಆಯಿತೇ?

ಬೇರೆ ಏನೂ ವಿಶೇಷವಿಲ್ಲ.

ಲಾವಣ್ಯಾ